ಗಾಡಿ ನಂದಲ್ಲ, ಆರತಿ ನಂದು

ಸೋಮವಾರ ಬೆಳಿಗ್ಗೆ ಆರೂವರೆಗೆ ಗದಿಗೆಮ್ಮ ಗೇಟಿನ ಯಂತ್ರಕ್ಕೆ ಕಾರ್ಡು ಹಿಡಿದಳು. ಕೆಂಪು ದೀಪ ಹತ್ತಿತು. ಕಾರ್ಡನ್ನು ಸೆರಗಿಗೆ ಉಜ್ಜಿ ಮತ್ತೆ ಹಿಡಿದಳು. ಮತ್ತೆ ಕೆಂಪು. ಹಿಂದೆ ನಿಂತಿದ್ದ ಹುಡುಗ ಹುಡುಗಿಯರು ಗಡಿಯಾರ ನೋಡಿಕೊಂಡರು. ಸೆಕ್ಯುರಿಟಿಯವನು ಬಂದು ಅವಳ ತೋಳಿಗೆ ಕೋಲು ತಾಗಿಸಿ ಪಕ್ಕಕ್ಕೆ ಸರಿಸಿದ. ಕೈಯಿಂದ ಸರಿಸಲಿಲ್ಲ, ಕೋಲಿನಿಂದ.

ಈ ಕಟ್ಟಡಕ್ಕೆ ಅವಳೇನು ನಿನ್ನೆ ಮೊನ್ನೆ ಬಂದವಳಲ್ಲ. ಗಚ್ಚಿಬೌಲಿಯ ಬಂಡೆಗಳ ಮೇಲೆ ಇದು ಬರೀ ಕಂಬಗಳಾಗಿ ನಿಂತಿದ್ದಾಗ ಇದರ ಕಾಂಕ್ರೀಟು ಅವಳ ತಲೆಯ ಮೇಲಿನ ಬುಟ್ಟಿಯಲ್ಲಿ ಮೇಲೆ ಹತ್ತಿತ್ತು. ದಿನಕ್ಕೆ ಇನ್ನೂರು ಬುಟ್ಟಿ. ಸಿಂಬಿ ಸವೆಯಿತು, ಸಿಂಬಿಯ ಕೆಳಗಿನ ಕೂದಲು ಸವೆಯಿತು, ಕೊನೆಗೆ ಕುತ್ತಿಗೆಯ ಮಣಿಗಳೇ ಸವೆದವು. ಸರಕಾರಿ ದವಾಖಾನೆಯ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇನ್ನು ನೀರಿನ ಕೊಡವನ್ನೂ ತಲೆಯ ಮೇಲೆ ಇಡಬೇಡ, ಎಡಗೈ ಪೂರಾ ಹೋಗುತ್ತದೆ ಅಂದಿದ್ದರು. ಆ ಕೈ ಆಗಲೇ ದಿನಕ್ಕೆ ನಾಲ್ಕು ಸಲ ಜೋಮು ಹಿಡಿಯುತ್ತಿತ್ತು. ಆಮೇಲೆ ಸಿಕ್ಕಿದ್ದು ಈ ಕೆಲಸ. ಮೂರು ವರ್ಷದಿಂದ ಅದೇ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ, ಸೀರೆಯ ಮೇಲೆ ನೀಲಿ ಕೋಟು ತೊಟ್ಟು ನೆಲ ಒರೆಸುವುದು, ಕಕ್ಕಸು ತೊಳೆಯುವುದು. ತಿಂಗಳಿಗೆ ಏಳೂವರೆ ಸಾವಿರ. ಮಂದಿಯ ಹೊಲಸು ತೊಳೆಯುವ ಕೆಲಸ, ಸುಳ್ಳಲ್ಲ. ಆದರೆ ತಲೆಯ ಮೇಲೆ ಏನೂ ಇರಲಿಲ್ಲ. ಅಷ್ಟಕ್ಕೇ ಅವಳು ಆ ಕೆಲಸವನ್ನು ಕಣ್ಣಿಗೆ ಒತ್ತಿಕೊಂಡಿದ್ದಳು.

ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸೂಪರ್‌ವೈಸರ್ ರಾಮದಾಸ ಬಂದ. ಅವನು ಬೀದರಿನವನು. ನಾಲ್ಕು ಜನರ ಮುಂದೆ ಹಿಂದಿಯನ್ನೇ ಆಡುತ್ತಿದ್ದ. ಕನ್ನಡ ಬಾಯಿಗೆ ತಂದ ಅಂದರೆ ಏನೋ ಕೆಟ್ಟದ್ದು ಕಾದಿದೆ ಅಂತಲೇ ಅರ್ಥ. ಹೋದ ವರ್ಷ ಬೋನಸ್ ಇಲ್ಲ ಅಂದಿದ್ದೂ ಕನ್ನಡದಲ್ಲೇ.

"ಗದಿಗೆಮ್ಮ, ನಿನ್ನ ಮ್ಯಾಲ ಸಾಲ ಅದ ಅಂತ."

"ಕಿರಾಣಿ ಅಂಗಡ್ಯಾಗ ನಾಕನೂರು ಐತ್ರಿ. ಅಷ್ಟಕ್ಕ ಗೇಟ್ ಮುಚ್ಚತಾರೇನ್ರಿ?"

"ಆ ಸಾಲ ಅಲ್ಲ. ಮೋಟರ್ ಸೈಕಲ್ ಸಾಲ. ಏಳು ವರ್ಷದ್ದು. ಬಡ್ಡಿ ಗಿಡ್ಡಿ ಸೇರಿ ಒಂದ್ ಲಕ್ಷದ ಹದಿನಾರು ಸಾವಿರ."

ಗದಿಗೆಮ್ಮ ನಕ್ಕುಬಿಟ್ಟಳು. "ನನಗ ಸೈಕಲ್ ಹತ್ತಾಕ ಬರಂಗಿಲ್ರಿ ಸಾಹೇಬ್ರ. ಯಾರದೋ ನನಗ ಹಚ್ಚಿ ಹೇಳಾಕತ್ತೀರಿ."

ರಾಮದಾಸ ನಗಲಿಲ್ಲ. ಒಂಬತ್ತನೇ ಮಹಡಿಯಲ್ಲಿ ಬ್ಯಾಂಕಿನ ಕೆಲಸ ನಡೆಯುತ್ತದೆ. ಆ ಮಹಡಿಗೆ ಕಾಲಿಡುವ ಎಲ್ಲರ ಸಾಲದ ರಿಪೋರ್ಟು ತೆಗೆಸಬೇಕೆಂದು ಹೊಸ ರೂಲು ಬಂದಿದೆ. ಕಂಪ್ಯೂಟರು ಕುಟ್ಟುವವರದೂ ತೆಗೆಸಿದ್ದಾರೆ, ಕಕ್ಕಸು ತೊಳೆಯುವವರದೂ ತೆಗೆಸಿದ್ದಾರೆ. ಸಾಲ ತೀರಿಸದವರನ್ನು ನಂಬುವುದು ಹೇಗೆ, ಬ್ಯಾಂಕಿನ ಗುಟ್ಟು ಕದ್ದು ಮಾರಿಕೊಂಡರೆ? ಇದು ಅವರ ವಾದ. ಗದಿಗೆಮ್ಮನಿಗೆ ಓದು ಬರದು. ಆ ಮಹಡಿಯ ಕಸದ ಬುಟ್ಟಿಗಳಲ್ಲಿ ಇದುವರೆಗೆ ಅವಳಿಗೆ ಸಿಕ್ಕ ಗುಟ್ಟೆಂದರೆ ತಿಂದು ಬಿಟ್ಟ ಪಿಜ್ಜಾದ ಅಂಚುಗಳು. ಆದರೂ ಕಳ್ಳಿ ಅವಳೇ. ಎರಡು ಸಾವಿರದ ಹದಿನೈದನೇ ಇಸವಿಯಲ್ಲಿ ಆ ಊರಿನಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಒಂದೊಂದು ಕಟ್ಟಡಕ್ಕೂ ಇಂಥ ಒಂದೊಂದು ರೂಲು.

"ಒಂದ್ ತಿಂಗಳ ಟೈಮ್ ಕೊಟ್ಟಾರ," ಅಂದ ರಾಮದಾಸ. "ಅಷ್ಟರಾಗ ಹೆಸರು ಸಾಫ್ ಮಾಡಿಸ್ಕೊ. ಅಲ್ಲೀತನಕ ಕೆಳಗ ಪಾರ್ಕಿಂಗ್‌ನಾಗ ಗುಡಿಸು. ತಿಂಗಳಾದ ಮ್ಯಾಲ ಅಲ್ಲೂ ಜಾಗ ಇಲ್ಲ, ಆ ಕೆಲಸ ಬ್ಯಾರೆ ಕಂಪನಿದು."

"ತಗೊಳ್ಳಲಾರದ ಸಾಲ ಹೆಂಗ ಸಾಫ್ ಮಾಡಿಸ್ಲಿ?"

"ನನಗ ಕೇಳಬ್ಯಾಡ," ಅಂದವನು ಯಾರೋ ಬರುವುದನ್ನು ಕಂಡು ಹಿಂದಿಗೆ ಹೊರಳಿದ.

ಕೆಲಸ ಹೋದರೆ ಮುಂದೇನು ಅಂತ ಅವಳು ಯೋಚನೆ ಮಾಡಬೇಕಾಗಿರಲಿಲ್ಲ. ಮುಂದೆ ಅಡ್ಡಾ. ಬೆಳಿಗ್ಗೆ ಕೂಲಿಯವರು ರಸ್ತೆ ಕೂಡುವಲ್ಲಿ ಬುತ್ತಿ ಹಿಡಿದು ನಿಲ್ಲುವ ಜಾಗ. ಅಲ್ಲಿಗೆ ಬರುವ ಮೇಸ್ತ್ರಿಗಳು ಮುಖ ನೋಡುವುದಿಲ್ಲ, ಕುತ್ತಿಗೆ ನೋಡುತ್ತಾರೆ. ಅವಳ ಕುತ್ತಿಗೆ ಮುಗಿದಿತ್ತು.

ಪಾರ್ಕಿಂಗ್ ಅಂದರೆ ನೆಲದ ಕೆಳಗಿನ ಎರಡು ಅಂತಸ್ತು. ಬಿಸಿಲಿಲ್ಲ, ಗಾಳಿಯಿಲ್ಲ, ಹೊಗೆ. ಅಲ್ಲಿ ಗುಡಿಸುವಾಗ ಮೂರನೇ ದಿನ ಕೃಪಾ ಸಿಕ್ಕಳು. ಕೃಪಾ ಮೈಸೂರಿನ ಹುಡುಗಿ, ಒಂಬತ್ತನೇ ಮಹಡಿಯಲ್ಲಿ ಕೆಲಸ. ಗದಿಗೆಮ್ಮ ಒಬ್ಬಳೇ ಗೊಣಗಿಕೊಳ್ಳುವುದು ಕೇಳಿ ಕನ್ನಡದವಳೆಂದು ಗುರುತು ಹಿಡಿದು ಮಾತಾಡಿಸಿದ್ದಳು. ಆಮೇಲೆ ಗದಿಗೆಮ್ಮ ಅವಳಿಗೆ ಆಗಾಗ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದು ಕೊಡುತ್ತಿದ್ದಳು. ಆ ಹುಡುಗಿ ಟಿಫಿನ್ ಬಾಕ್ಸಿನ ಮುಚ್ಚಳದಲ್ಲಲ್ಲ, ಅವಳ ಕೈಯಿಂದಲೇ ತೆಗೆದುಕೊಂಡು ತಿನ್ನುತ್ತಿತ್ತು. ಗದಿಗೆಮ್ಮ ಅದನ್ನು ಗಮನಿಸಿದ್ದಳು. ಅಂಥದ್ದನ್ನು ಗಮನಿಸದೆ ಇರಲು ಅವಳಿಗೆ ಬರುತ್ತಿರಲಿಲ್ಲ.

"ಏನ್ ಗದಿಗೆಮ್ಮ, ಇಲ್ಲಿ? ಮೇಲೆ ಬರ್ತಾನೇ ಇಲ್ವಲ್ಲ."

ಗದಿಗೆಮ್ಮ ಹೇಳಿದಳು. ಕೃಪಾ ಸ್ಕೂಟರಿನ ಮೇಲೆ ಕೂತೇ ಮೊಬೈಲಿನಲ್ಲಿ ಏನೇನೋ ಒತ್ತಿ ರಿಪೋರ್ಟು ತೆಗೆದಳು. ಎರಡು ಸಾವಿರದ ಎಂಟು, ಅಕ್ಟೋಬರ್. ಸಾಲ ಮೂವತ್ತೆಂಟು ಸಾವಿರ. ಒಂದು ಕಂತು ಕಟ್ಟಿದೆ. ಆಮೇಲೆ ಇಲ್ಲ. ಸಾಲ ಕೊಟ್ಟ ಫೈನಾನ್ಸ್ ಕಂಪನಿ ಬೇಸತ್ತು ಅದನ್ನು ಸಿಕಂದರಾಬಾದಿನ ಒಂದು ವಸೂಲಿ ಕಂಪನಿಗೆ ಮಾರಿದೆ.

"ನನ್ನ ಸಾಲಾನ ಸಂತ್ಯಾಗ ಮಾರ್ಯಾರೇನು?"

"ಹಾಗೇ ಅಂದ್ಕೊಳ್ಳಿ. ಚಿಂತೆ ಮಾಡ್ಬೇಡಿ, ನಾನು ಆನ್‌ಲೈನಲ್ಲಿ ತಕರಾರು ಹಾಕ್ತೀನಿ. ಇದು ನಿಮ್ಮ ಸಾಲ ಅಲ್ಲ ಅಂತ. ಅವರು ತಿಂಗಳೊಳಗೆ ವಿಚಾರಿಸಿ ಹೇಳ್ಬೇಕು."

ಪೊಲೀಸ್ ಸ್ಟೇಷನ್ನಿಗೂ ಕರೆದುಕೊಂಡು ಹೋದಳು. ಯಾರ ಮೇಲೆ ಅನುಮಾನ ಅಂತ ಅಲ್ಲಿ ಕೇಳಿದರು. ಯಾರ ಮೇಲೆ ಅಂತ ಗದಿಗೆಮ್ಮ ಹೇಳಿಯಾಳು? ಏಳು ವರ್ಷದ ಕೆಳಗೆ ಎಷ್ಟು ಮೇಸ್ತ್ರಿಗಳು, ಎಷ್ಟು ಹಾಜರಿ ಪುಸ್ತಕ, ಎಷ್ಟು ಹೆಬ್ಬೆಟ್ಟು. ಪೇದೆ ಪೆನ್ನಿನ ಕ್ಯಾಪು ಮುಚ್ಚಿದ.

ಇಪ್ಪತ್ತೆರಡನೇ ದಿನ ತಕರಾರಿಗೆ ಉತ್ತರ ಬಂತು. ವಿಚಾರಿಸಲಾಗಿದೆ, ಸಾಲ ಸರಿಯಾಗಿದೆ. ವಿಚಾರಿಸಿದ್ದು ಯಾರನ್ನು? ಸಾಲ ಇದೆ ಅಂದವರನ್ನೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು. ಗದಿಗೆಮ್ಮನನ್ನು ಒಂದು ಮಾತು ಕೇಳಿದವರಿಲ್ಲ.

"ವಸೂಲಿ ಆಫೀಸಿಗೇ ಹೋಗೋಣ," ಅಂದಳು ಕೃಪಾ. "ಅವರ ಹತ್ರ ಏನು ಕಾಗದ ಇದೆ ಅಂತ ನೋಡೋಣ."

ಶನಿವಾರ ಹೋದರು. ಸಿಕಂದರಾಬಾದ್ ಸ್ಟೇಷನ್ ಎದುರಿನ ಓಣಿ, ಲಾಡ್ಜಿನ ಮೇಲಿನ ಮಹಡಿ. ಒಳಗೆ ಹತ್ತು ಹನ್ನೆರಡು ಜನ ಕಿವಿಗೆ ಫೋನು ಸಿಗಿಸಿಕೊಂಡು ಯಾರು ಯಾರಿಗೋ ತೆಲುಗು, ಹಿಂದಿಯಲ್ಲಿ ಹೆದರಿಸುತ್ತಿದ್ದರು. ಒಬ್ಬ ಬಾಯಿಬಡಿದು ಬೈಯುತ್ತಿದ್ದವನು ನಡುವೆ ಫೋನು ಮುಚ್ಚಿ ಚಹಾ ಹೇಳಿದ, ಮತ್ತೆ ಬೈಯತೊಡಗಿದ. ಕೊನೆಯ ಟೇಬಲ್ಲಿನಲ್ಲಿ ಯಶವಂತ ಅನ್ನುವ ಗುಮಾಸ್ತ ಕೂತಿದ್ದ. ಕೃಪಾಳಿಗೆ ಕುರ್ಚಿ ತೋರಿಸಿದ. ಗದಿಗೆಮ್ಮ ನಿಂತಳು.

ಅವನು ಹಳೆಯ ಫೈಲು ಹುಡುಕಿ ತೆಗೆದ. ಅರ್ಜಿಯ ಮೇಲೆ ಹೆಬ್ಬೆಟ್ಟು. ಹಿಂದೆ ಅವಳ ಮತದಾರರ ಚೀಟಿಯ ನಕಲು. ಅದರ ಹಿಂದೆ ಒಂದು ಬಣ್ಣದ ಫೋಟೊ. ಫೈಲನ್ನು ಅವಳ ಕಡೆ ತಿರುಗಿಸಿ ಯಶವಂತ ಹಿಂದಿಯಲ್ಲಿ ಕೇಳಿದ, "ಇದು ನೀನೇನಾ?"

ಗದಿಗೆಮ್ಮ ಬಗ್ಗಿ ನೋಡಿದಳು. ಅವಳ ಕುತ್ತಿಗೆ ಅಷ್ಟು ಬಗ್ಗುತ್ತಿರಲಿಲ್ಲ. ಆದರೂ ಬಗ್ಗಿದಳು.

ಹೊಸ ಮೋಟರ್ ಸೈಕಲ್ಲು, ಮೂತಿಗೆ ಚೆಂಡುಹೂವಿನ ಮಾಲೆ. ಮುಂದೆ ಹಸಿರು ಸೀರೆಯ ಹೆಂಗಸು. ಎಡಗೈಯಲ್ಲಿ ಆರತಿ ತಟ್ಟೆ, ಬಲಗೈಯಲ್ಲಿ ಬೀಗದ ಕೈ. ಹಲ್ಲು ಕಾಣುವ ಹಾಗೆ ನಗುತ್ತಿದ್ದಾಳೆ. ಪಕ್ಕದಲ್ಲಿ ಎಲ್ಲಿ ನೋಡಬೇಕೆಂದು ತಿಳಿಯದೆ ಆಕಾಶ ನೋಡುತ್ತಿರುವ ಒಬ್ಬ ಗಂಡಸು, ಬನಿಯನ್ನು, ಮೊಣಕಾಲವರೆಗೆ ಸಿಮೆಂಟು.

"ಅಯ್ಯ, ನಾನ!" ಅಂದಳು ಗದಿಗೆಮ್ಮ. "ನಾನ ನೋಡ್ರಿ ಇದು! ಕೃಪಾ ಮೇಡಂ, ನೋಡ್ರಿ, ಇಂವ ನಮ್ಮ ಮೌನಪ್ಪ! ನನ್ನ ಗಂಡ!" ಗಂಡನ ಹೆಸರು ಬಾಯಿಗೆ ಬಂದುಹೋಯಿತು. ಬಂದರೆ ಬರಲಿ. ಮೌನಪ್ಪ ಸತ್ತು ಆರು ವರ್ಷ ದಾಟಿತ್ತು. ಅವನದೊಂದು ಫೋಟೊ ಅವಳ ಹತ್ತಿರ ಇರಲಿಲ್ಲ. ಅವನ ಮುಖ ಅವಳಿಗೆ ಸ್ವಲ್ಪ ಸ್ವಲ್ಪವೇ ಮರೆಯುತ್ತಾ ಬಂದಿತ್ತು, ಮೂಗು ನೆನಪಾದರೆ ಹಣೆ ನೆನಪಾಗುತ್ತಿರಲಿಲ್ಲ. ಈಗ ಇಡೀ ಮುಖ ಇತ್ತು. ಅವಳು ಬೆರಳಿನಿಂದ ಮುಟ್ಟಿದಳು.

ಕೃಪಾ ಕಣ್ಣು ಮುಚ್ಚಿಕೊಂಡಳು. "ಗದಿಗೆಮ್ಮ, ನಾನು ಅಂತ ಯಾಕೆ ಹೇಳಿದ್ರಿ?"

"ನಾನಲ್ಲೇನ್ರಿ ಮತ್ತ?"

ಗಾಡಿ ಕೊಡುವಾಗ ಕೊಂಡವರನ್ನು ಗಾಡಿಯ ಜೊತೆ ನಿಲ್ಲಿಸಿ ಫೋಟೊ ತೆಗೆಯುತ್ತಾರೆ, ಬೀಗದ ಕೈ ಕೈಗೆ ಕೊಟ್ಟು. ಗಾಡಿ ಮುಟ್ಟಿತು ಅನ್ನುವುದಕ್ಕೆ ಅದೇ ಸಾಕ್ಷಿ. ಕೃಪಾ ಅದನ್ನು ಬಿಡಿಸಿ ಹೇಳುತ್ತಾ ಹೋದ ಹಾಗೆ ಗದಿಗೆಮ್ಮನ ಮುಖದ ನಗು ಇಳಿಯುತ್ತಾ ಬಂತು. ಆ ದಿನ ಅವಳಿಗೆ ಪೂರಾ ನೆನಪಾಯಿತು.

ಅದು ಆಯುಧಪೂಜೆಯ ದಿನ. ಆಗ ಈ ಕಟ್ಟಡದ್ದು ಏಳನೇ ಮಹಡಿಯ ಸೆಂಟ್ರಿಂಗ್ ನಡೆದಿತ್ತು. ಕೂಲಿಯವರ ತಗಡಿನ ಶೆಡ್ಡುಗಳು ಸಾಲು ಸಾಲಾಗಿದ್ದವು, ಮಾದಿಗರದು ಕೊನೆಯ ಸಾಲು, ಚರಂಡಿಯ ಬದಿ. ಊರು ಬಿಟ್ಟು ದೇವದುರ್ಗದಿಂದ ಇಷ್ಟು ದೂರ ಬಂದರೂ ಸಾಲು ಬದಲಾಗಿರಲಿಲ್ಲ. ಭೀಮಾಶಂಕರ ಮೇಸ್ತ್ರಿಗೆ ಕುಡಿಯಲು ಬೇರೆ ಮಣ್ಣಿನ ಗಡಿಗೆ ಇತ್ತು. ಅದನ್ನು ಇವರು ಮುಟ್ಟುವಂತಿರಲಿಲ್ಲ. ಅವಳನ್ನು ಅವನು "ಏ ಗದಿಗಿ" ಅಂತಲೇ ಕೂಗುತ್ತಿದ್ದ. ಬಟವಾಡೆಯ ದಿನ ರೊಕ್ಕವನ್ನು ನೆಲದ ಮೇಲೆ ಇಡುತ್ತಿದ್ದ, ಇವರು ಆರಿಸಿಕೊಳ್ಳುತ್ತಿದ್ದರು.

ಅಂಥ ಮನುಷ್ಯ ಅವತ್ತು ತಾನಾಗಿ ಕೊನೆಯ ಸಾಲಿಗೆ ನಡೆದು ಬಂದ.

"ಗದಿಗೆಮ್ಮಾ, ಬಾರವ್ವಾ. ಹೊಸಾ ಗಾಡಿ ತಂದೀನಿ. ನಮ್ಮಾಕಿ ಊರಾಗ ಅದಾಳ. ನಿನ್ನ ಕೈಗುಣ ಭಾಳ ಚಲೋ ಅಂತಾರ. ಮೊದಲನೇ ಆರತಿ ನೀನ ಬೆಳಗಬೇಕು."

ಗದಿಗೆಮ್ಮಾ ಅಂದ. ಅವ್ವಾ ಅಂದ. ಇಡೀ ಸಾಲು ಕೇಳಿಸಿಕೊಂಡಿತು. ಗದಿಗೆಮ್ಮ ಓಡಿಹೋಗಿ ಪಕ್ಕದ ಶೆಡ್ಡಿನ ಸುಗಲಮ್ಮನ ಹಸಿರು ಸೀರೆ ಈಸಿಕೊಂಡು ಉಟ್ಟಳು. ಮೌನಪ್ಪ ಮಾತ್ರ ಬೀಡಿ ಕಚ್ಚಿಕೊಂಡು ಅಂದಿದ್ದ, "ನಮ್ಮ ಕೈಲೆ ನೀರು ಕುಡಿಯಲಾರದಾಂವ ಆರತಿ ಹೆಂಗ ತಗೊಂತಾನ?"

"ನಿನಗ ಎಲ್ಲಾದ್ರಾಗೂ ಹುಳುಕ ಕಾಣತೈತಿ," ಅಂತ ಗಂಡನ ಮೇಲೆ ಹರಿಹಾಯ್ದಿದ್ದಳು. ಹುಟ್ಟಿದಾಗಿನಿಂದ ಮೂವತ್ತು ವರ್ಷ ಗುಡಿಯ ಹೊರಗೆ ನಿಂತವಳಿಗೆ ಒಬ್ಬ ದೊಡ್ಡ ಮನುಷ್ಯ ಆರತಿ ತಟ್ಟೆ ಕೊಟ್ಟಿದ್ದ. ಅವಳು ಎಲ್ಲಿ ಹುಳುಕು ಹುಡುಕಿಯಾಳು? ಮೇಸ್ತ್ರಿ ತಟ್ಟೆಯಲ್ಲಿ ಬೀಗದ ಕೈ ಇಟ್ಟ. ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟರು. ಅವಳು ಆರತಿ ಬೆಳಗಿದಳು. ಶೋರೂಮಿನಿಂದ ಬಂದವನೊಬ್ಬ ಕ್ಯಾಮೆರಾ ಹಿಡಿದು, ಬೀಗದ ಕೈ ಕೈಯಲ್ಲಿ ಹಿಡಿದುಕೋ, ನಗು ಅಂದ. ಅವಳೊಬ್ಬಳೇ ನಿಲ್ಲಬೇಕೆಂದು ಹೇಳಿದ. ಅವಳೇ ಹಟ ಮಾಡಿ ಗಂಡನ ಕೈ ಎಳೆದು ಪಕ್ಕಕ್ಕೆ ನಿಲ್ಲಿಸಿಕೊಂಡಳು. ಅದಕ್ಕೆ ಎರಡು ದಿನ ಮೊದಲು ಅದೇ ಶೋರೂಮಿನವನು ಶೆಡ್ಡಿಗೆ ಬಂದು, ಮೇಸ್ತ್ರಿ ಎಲ್ಲರಿಗೂ ವಿಮೆ ಮಾಡಿಸುತ್ತಿದ್ದಾರೆ ಅಂತ ಹೇಳಿ ಮತದಾರರ ಚೀಟಿ ಈಸಿಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಆ ಕಾಲದಲ್ಲಿ ಸಾಲ ಬೇಡುವವರಿಗಿಂತ ಕೊಡುವವರ ಆತುರವೇ ಹೆಚ್ಚಾಗಿತ್ತು. ಕೂಲಿಯವಳಿಗೆ ಗಾಡಿ ಯಾಕೆ ಅಂತ ಯಾರೂ ಕೇಳಲಿಲ್ಲ.

ಗಾಡಿಯ ಮೇಲೆ ಮೇಸ್ತ್ರಿ ಓಡಾಡಿದ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಸಂಕ್ರಾಂತಿ ಕಳೆದ ಮೇಲೆ ಸಾರುವೆಯ ಹಲಗೆ ಮುರಿದು ಮೌನಪ್ಪ ಏಳನೇ ಮಹಡಿಯಿಂದ ಬಿದ್ದ. ಮರಳಿನ ಗುಡ್ಡೆಯ ಪಕ್ಕಕ್ಕೇ ಬಿದ್ದ, ಮರಳಿನ ಮೇಲೆ ಬೀಳಲಿಲ್ಲ. ಇಂಜಿನಿಯರು ಬಂದು ನೋಡಿ, ಇವನು ನಮ್ಮ ಸೈಟಿನವನಲ್ಲ, ರಿಜಿಸ್ಟರಿನಲ್ಲಿ ಹೆಸರಿಲ್ಲ ಅಂದರು. ಮೇಸ್ತ್ರಿ ಪೊಲೀಸರ ಮುಂದೆ, ಈ ಮುಖ ನಾನು ನೋಡಿಯೇ ಇಲ್ಲ ಅಂದ. ಗದಿಗೆಮ್ಮ ಹೆಣದ ಪಕ್ಕ ಕೂತು ಕೂಗಿ ಕೂಗಿ ಹೇಳಿದಳು. ಸಾಕ್ಷಿ ಏನು ಅಂತ ಕೇಳಿದರು. ಅವಳಲ್ಲಿ ಇರಲಿಲ್ಲ. ಪರಿಹಾರ ಬರಲಿಲ್ಲ. ವಿಮೆಯ ಕಾಗದ ಏನಾಯಿತ್ರಿ ಅಂತ ಕೇಳಿದಾಗ ಮೇಸ್ತ್ರಿ, "ಆ ಕಾಗದ ಪಾಸಾಗಲಿಲ್ಲ" ಅಂದಿದ್ದ. ಕಾಗದ ಪಾಸಾಗಿತ್ತು. ಅವನು ಅದರ ಮೇಲೆ ಕೂತು ಪೆಟ್ರೋಲು ಸುಡುತ್ತಿದ್ದ. ವರ್ಷದೊಳಗೆ ಊರು ಬಿಟ್ಟ, ಗಾಡಿಯ ಸಮೇತ.

ಇಷ್ಟನ್ನೂ ಗದಿಗೆಮ್ಮ ಆ ಟೇಬಲ್ಲಿನ ಮುಂದೆ ನಿಂತು ಹೇಳಿದಳು. ಕನ್ನಡದಲ್ಲಿ ಶುರು ಮಾಡಿ ಹಿಂದಿಗೆ ಹೋಗಿ ಮತ್ತೆ ಕನ್ನಡಕ್ಕೆ ಬಂದಳು. ಯಶವಂತ ಕೆಟ್ಟವನಲ್ಲ. ಅವನೂ ಸಂಬಳಕ್ಕೆ ಕೂತವನು. ಪೂರಾ ಕೇಳಿಸಿಕೊಂಡು, ಡ್ರಾಯರಿನಿಂದ ಎರಡು ಕಾಗದ ತೆಗೆದಿಟ್ಟ.

"ದಾರಿ ಎರಡಿವೆ. ಒಂದು, ಹದಿನೆಂಟು ಸಾವಿರ ಕಟ್ಟಿ ರಾಜಿ ಮಾಡಿಕೊಳ್ಳುವುದು."

"ಅದು ಆಗಲ್ಲ," ಅಂದಳು ಕೃಪಾ. "ಕಟ್ಟಿದ್ರೆ ಸಾಲ ನಿಮ್ದೇ ಅಂತ ಒಪ್ಪಿಕೊಂಡ ಹಾಗೆ. ರಾಜಿ ಅಂತ ರಿಪೋರ್ಟಲ್ಲಿ ಬರುತ್ತೆ, ನಮ್ಮ ಕಂಪನಿಯೋರು ಅದನ್ನೂ ಒಪ್ಪಲ್ಲ."

"ಹಾಗಾದರೆ ಎರಡನೆಯದು." ಯಶವಂತ ದನಿ ತಗ್ಗಿಸಿದ. "ಫೋಟೊ ನೋಡಿ ಅವರು ನಾನು ಅಂದದ್ದು ನನಗೆ ಕೇಳಿಸಿಲ್ಲ. ಇದು ಮೋಸ ಆಗಿದೆ ಅನ್ನುವ ಹೇಳಿಕೆಯ ಫಾರಂ. ಫೋಟೊದಲ್ಲಿರುವ ಹೆಂಗಸು ನಾನಲ್ಲ, ಜೊತೆಯಲ್ಲಿರುವವನು ಯಾರೋ ನನಗೆ ಗೊತ್ತಿಲ್ಲ. ಅಚ್ಚಾಗಿಯೇ ಇದೆ. ಕೆಳಗೆ ಹೆಬ್ಬೆಟ್ಟು ಒತ್ತಿದರೆ ಇದನ್ನು ಕಂಪನಿಗೆ ಕಳಿಸುತ್ತೇನೆ. ಎರಡು ಮೂರು ದಿನದಲ್ಲಿ ಸಾಲ ತೆಗೆಯುತ್ತಾರೆ. ಏಳು ವರ್ಷದಲ್ಲಿ ಮುಖ ಬದಲಾಗಿದೆ, ಯಾರೂ ಹೋಲಿಸಿ ನೋಡುವುದಿಲ್ಲ."

ಮುಖ ಬದಲಾಗಿತ್ತು, ಅದು ನಿಜ. ಫೋಟೊದಲ್ಲಿ ಇದ್ದವಳಿಗೆ ಕೆನ್ನೆ ಇತ್ತು, ಕೈತುಂಬ ಬಳೆ ಇತ್ತು, ಹಣೆಯಲ್ಲಿ ದುಡ್ಡಗಲ ಕುಂಕುಮ ಇತ್ತು.

ಕೃಪಾಳಿಗೆ ಜೀವ ಬಂದಂತಾಯಿತು. "ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಒತ್ತಿ ಗದಿಗೆಮ್ಮ."

ಇಂಕಿನ ಡಬ್ಬಿ ಬಂತು. ಯಶವಂತ ಮುಚ್ಚಳ ತೆಗೆದ. ಗದಿಗೆಮ್ಮ ಎಡಗೈ ಚಾಚಿದಳು. ಕೈ ಜೋಮು ಹಿಡಿದಿತ್ತು. ಬಲಗೈಯಿಂದ ಅದನ್ನು ಎತ್ತಿ ಟೇಬಲ್ಲಿನ ಮೇಲೆ ಇಟ್ಟಳು. ಆಮೇಲೆ ಕೇಳಿದಳು, "ಮೇಡಂ, ಇನ್ನೊಮ್ಮಿ ಓದ್ರಿ. ಗಂಡಸಂದು ಏನ್ ಬರದಾರ?"

"ಜೊತೆಯಲ್ಲಿರೋನು ಯಾರೋ ನನಗೆ ಗೊತ್ತಿಲ್ಲ ಅಂತ."

"ಅದನ್ನ ಹೊಡದ ಹಾಕ್ರಿ."

"ಹೊಡೆದು ಹಾಕಿದರೆ ಫಾರಂ ನಿಲ್ಲುವುದಿಲ್ಲ," ಅಂದ ಯಶವಂತ. "ಗಂಡನ ಗುರುತು ಹೇಳಿ, ಪಕ್ಕದಲ್ಲಿರುವ ಹೆಂಗಸು ನಾನಲ್ಲ ಅಂದರೆ ಯಾರು ನಂಬುತ್ತಾರೆ?"

"ಹಂಗಾದ್ರ ಖರೇನ ಬರೀರಿ. ಗಾಡಿ ನಂದಲ್ಲ, ಆರತಿ ನಂದು. ಗಾಡಿ ಭೀಮಾಶಂಕರ ಮೇಸ್ತ್ರೀದು. ಬಾಜೂಕ ನಿಂತಾಂವ ನನ್ನ ಗಂಡ ಮೌನಪ್ಪ, ಆ ಬಿಲ್ಡಿಂಗ್ ಕಟ್ಟಾಕ ಹೋಗಿ ಸತ್ತಾಂವ. ಹಿಂದ ಕಂಬ ಕಾಣಾಕತ್ತಾವ ನೋಡ್ರಿ, ಅದ ಬಿಲ್ಡಿಂಗು. ಹಂಗ ಬರೀರಿ, ಎರಡೂ ಕೈಲೆ ಹೆಬ್ಬಟ್ಟ ಒತ್ತತೀನಿ."

"ಹಾಗೆ ಬರೆಯಲು ಇದರಲ್ಲಿ ಜಾಗ ಇಲ್ಲ ಅಮ್ಮ."

"ಗದಿಗೆಮ್ಮ," ಅಂದಳು ಕೃಪಾ. "ಒಂದೇ ಒಂದು ಸುಳ್ಳು. ನಿಮ್ಮ ಕುತ್ತಿಗೆ ನೋಡ್ಕೊಳ್ಳಿ. ಈ ಕೆಲಸ ಹೋದ್ರೆ ಏನ್ ಮಾಡ್ತೀರಾ? ಸತ್ತೋರಿಗೆ ಇದರಿಂದ ಏನೂ ಆಗಲ್ಲ."

"ಸತ್ತಾವ್ರಿಗಿ ಏನಾಗಂಗಿಲ್ಲ ಯವ್ವಾ. ಬದುಕಿದಾಕಿಗಿ ಆಗತೈತಿ." ಗದಿಗೆಮ್ಮ ಎಡಗೈಯನ್ನು ಟೇಬಲ್ಲಿನಿಂದ ಎತ್ತಿಕೊಂಡಳು. "ಅಂವ ಬಿದ್ದಾಗ ಇಂಜಿನಿಯರ್ ಬಂದು ಯಾರಂವ ಗೊತ್ತಿಲ್ಲ ಅಂದ. ಮೇಸ್ತ್ರಿ ಗೊತ್ತಿಲ್ಲ ಅಂದ. ಪೊಲೀಸ್ರು ಗೊತ್ತಿಲ್ಲ ಅಂತ ಬರಕೊಂಡ್ರು. ಈಗ ನಾನೂ ಗೊತ್ತಿಲ್ಲ ಅಂತ ಹೆಬ್ಬಟ್ಟ ಒತ್ತಲೇನು? ಅಂವ ಇಲ್ಲಿ ದುಡದಾನ ಅನ್ನಾಕ ಉಳದಿರೋದು ಇದೊಂದ ಫೋಟೊ. ಕಳ್ಳರು ತಗದಿದ್ದು. ಆದ್ರೂ ಉಳದೈತಿ. ಇದನ್ನೂ ನನ್ನ ಕೈಲೆ ಅಳಸಸ್ತೀರಿ?"

ಫೋನಿನಲ್ಲಿ ಹೆದರಿಸುತ್ತಿದ್ದ ಇಬ್ಬರು ಮೂವರು ತಿರುಗಿ ನೋಡಿದರು. ಅವಳು ಅವರ ಕಡೆಗೂ ನೋಡಿದಳು.

"ನಗಿಸಿ ನಗಿಸಿ ಫೋಟೊ ತಗದ್ರು. ಅವ್ವಾ ಅಂದ ಅಂತ ಹಿಗ್ಗಿದ್ದೆ, ಸುಡಗಾಡು ನನ್ನ ಹಿಗ್ಗು! ಬೈದಿದ್ರ ನಾ ಹೋಗ್ತಿದ್ದಿಲ್ಲ. ಮರ್ಯಾದಿ ಕೊಟ್ಟು ಕುತ್ತಿಗಿ ಕೊಯ್ದ. ನಾ ಒತ್ತಂಗಿಲ್ಲ. ಈ ಕಾಗದಕ್ಕೂ ಒತ್ತಂಗಿಲ್ಲ, ಆ ಕಾಗದಕ್ಕೂ ಒತ್ತಂಗಿಲ್ಲ."

ಯಶವಂತ ಇಂಕಿನ ಡಬ್ಬಿ ಮುಚ್ಚಿದ. ಆಮೇಲೆ ಗದಿಗೆಮ್ಮ ಮೆತ್ತಗಾಗಿ ಕೇಳಿದಳು, "ಸಾಹೇಬ್ರ, ಆ ಫೋಟೊದ್ದು ಒಂದ್ ಕಾಪಿ ಕೊಡ್ರಿ. ರೊಕ್ಕ ಕೊಡ್ತೀನಿ."

"ಫೈಲಿನ ಕಾಗದ ಹೊರಗೆ ಕೊಡುವ ಹಾಗಿಲ್ಲ. ಸಾಲ ತಗೊಂಡವರು ಕೇಳಿದರೆ ಮಾತ್ರ ಕೊಡಬಹುದು."

"ಅಂದ್ರ ಸಾಲ ನಂದು ಅಂದ್ರ ನನ್ನ ಗಂಡನ ಕೊಡ್ತೀರಿ. ನಂದಲ್ಲ ಅಂದ್ರ ಇಲ್ಲ."

"ರೂಲ್ಸ್ ಹಾಗಿದೆ."

ಅವಳು ಫೈಲಿನ ಮೇಲೆ ಇನ್ನೊಮ್ಮೆ ಬಗ್ಗಿದಳು. ಹಣೆ, ಹುಬ್ಬು, ಮೂಗಿನ ಮೇಲಿನ ಗಾಯದ ಗೆರೆ, ಬಲಗಿವಿ. ಬಾಯಿಪಾಠ ಮಾಡುವವರ ಹಾಗೆ ತುಟಿ ಅಲ್ಲಾಡಿಸುತ್ತಾ ನೋಡಿದಳು. ಯಶವಂತ ಎರಡು ನಿಮಿಷ ಫೈಲನ್ನು ತೆರೆದೇ ಇಟ್ಟ, ಅಷ್ಟು ಅವನ ಕೈಯಲ್ಲಾಯಿತು. ಆಮೇಲೆ ಹಿಂದಿನಿಂದ ಯಾರೋ ಅವನ ಹೆಸರು ಹಿಡಿದು ಗದರಿದರು. ಅವನು ಫೈಲು ಮುಚ್ಚಿ ದಾರ ಕಟ್ಟಿದ.

ಮೆಟ್ಟಿಲು ಇಳಿದು ಸ್ಟೇಷನ್ ಎದುರು ಬಂದ ಮೇಲೆ ಕೃಪಾ ಸಿಟ್ಟು ತಡೆಯಲಾರದೆ ಅತ್ತುಬಿಟ್ಟಳು. ಎರಡು ಶನಿವಾರ, ರಜೆ, ಓಡಾಟ, ಎಲ್ಲ ಮಣ್ಣುಪಾಲು ಅನ್ನಿಸಿರಬೇಕು. "ನಿಮ್ಮಂಥೋರಿಗೆ ಸಹಾಯ ಮಾಡೋದೇ ಕಷ್ಟ" ಅಂದಳು. ಅಂದಮೇಲೆ ಬಾಯಿ ಮುಚ್ಚಿಕೊಂಡಳು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ತಿಂಗಳು ತುಂಬಿದ ದಿನ ರಾಮದಾಸ ಕಾರ್ಡು ಈಸಿಕೊಂಡ. ನೀಲಿ ಕೋಟು ಈಸಿಕೊಂಡು ಗುಂಡಿ ಎಣಿಸಿದ. ಒಂದು ಕಮ್ಮಿ ಇತ್ತು, ಸಂಬಳದಲ್ಲಿ ಹಿಡಿದರು. "ನಾ ಏನ್ ಮಾಡ್ಲಿ ಹೇಳು, ಗದಿಗೆಮ್ಮ," ಅಂದ, ಕನ್ನಡದಲ್ಲಿ. ಕೃಪಾ ಬೇರೆಯವಳ ಕೈಯಲ್ಲಿ ಒಂದು ಲಕೋಟೆ ಕಳಿಸಿದ್ದಳು, ಎರಡು ಸಾವಿರ. ತಾನು ಕೆಳಗೆ ಬರಲಿಲ್ಲ. ಒಂಬತ್ತನೇ ಮಹಡಿಗೆ ಹೊಸ ಹೆಂಗಸು ಬಂದಿದ್ದಳು. ಅವಳ ಮೇಲೆ ಸಾಲ ಇರಲಿಲ್ಲ, ಅಥವಾ ಇದ್ದದ್ದು ಇನ್ನೂ ಯಾರಿಗೂ ಗೊತ್ತಾಗಿರಲಿಲ್ಲ.

ಗದಿಗೆಮ್ಮ ಅಡ್ಡಾಕ್ಕೆ ಹೋದಳು. ಮೊದಲ ವಾರ ಎರಡು ದಿನ ಕೆಲಸ ಸಿಕ್ಕಿತು, ಇಟ್ಟಿಗೆ ಹೊರುವುದು. ಎರಡನೇ ದಿನ ಸಂಜೆ ಎಡಗೈ ಬೆರಳುಗಳು ಮಡಚಲೇ ಇಲ್ಲ. ರಾತ್ರಿಯೆಲ್ಲ ಬಿಸಿನೀರಿನಲ್ಲಿ ಇಟ್ಟುಕೊಂಡು ಕೂತಳು. ಆಮೇಲೆ ನಾಲ್ಕು ದಿನ ಯಾರೂ ಕರೆಯಲಿಲ್ಲ.

ಐದನೇ ದಿನ ಒಂದು ಲಾರಿ ಬಂದು ನಿಂತಿತು. ಹೊಸ ಟವರು, ಮೂರು ತಿಂಗಳ ಕೆಲಸ, ಇರಲು ಶೆಡ್ಡು. ಹೆಂಗಸರು ಮುಗಿಬಿದ್ದರು. ಮೇಸ್ತ್ರಿ ಗದಿಗೆಮ್ಮನ ಕುತ್ತಿಗೆ ನೋಡಿದ, ಮುಖ ಸಿಂಡರಿಸಿದ, ಆದರೂ ಮಂದಿ ಸಾಲದೆಂದು ಬಾ ಅಂದ. ಅವಳು ಬುತ್ತಿಗಂಟನ್ನು ಲಾರಿಯೊಳಗೆ ಇಟ್ಟಳು. ಲಾರಿಯ ಹತ್ತಿರ ಅವನ ಕಡೆಯವನೊಬ್ಬ ಕಾಗದದ ಕಟ್ಟು ಹಿಡಿದು ನಿಂತಿದ್ದ. ಒಬ್ಬೊಬ್ಬರೂ ಹೆಬ್ಬೆಟ್ಟು ಒತ್ತಿ ಲಾರಿ ಹತ್ತುತ್ತಿದ್ದರು.

"ಇದೇನು?" ಅಂತ ಗದಿಗೆಮ್ಮ ಹಿಂದಿಯಲ್ಲಿ ಕೇಳಿದಳು.

"ವಿಮೆ. ಎಲ್ಲರಿಗೂ ಮಾಡಿಸುತ್ತಿದ್ದೇವೆ."

"ಓದಿ ಹೇಳು."

ಅವನು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಓದಿ ಹೇಳುತ್ತಾ ಕೂತರೆ ಬಿಸಿಲೇರುತ್ತದೆ. ಒತ್ತುತ್ತೀಯೋ ಇಲ್ಲವೋ?"

ಹಿಂದಿದ್ದ ಹೆಂಗಸು ಅವಳ ಬೆನ್ನಿಗೆ ತಿವಿದಳು. "ಒತ್ತ ಯಕ್ಕಾ, ಜಲ್ದಿ. ನಮ್ಮ ಜಾಗಾನೂ ಕೆಡಸಬ್ಯಾಡ."

"ಒತ್ತಬ್ಯಾಡ್ರಿ," ಅಂದಳು ಗದಿಗೆಮ್ಮ. ಲಾರಿಯಲ್ಲಿದ್ದವರ ಕಡೆ ತಿರುಗಿ ಗಟ್ಟಿಯಾಗಿ ಇನ್ನೊಮ್ಮೆ ಅಂದಳು, "ಓದಿಸಲಾರದ ಒತ್ತಬ್ಯಾಡ್ರೇ."

ಮೇಸ್ತ್ರಿ ಬಂದು ಅವಳ ಬುತ್ತಿಗಂಟನ್ನು ಲಾರಿಯಿಂದ ಕೆಳಗೆ ಎಸೆದ. ತಿವಿದ ಹೆಂಗಸು ಅವಳನ್ನು ದಾಟಿಕೊಂಡು ಹೋಗಿ ಒತ್ತಿದಳು. ಅವಳ ಹಿಂದಿನವಳೂ ಒತ್ತಿದಳು. ಎಲ್ಲರೂ ಒತ್ತಿದರು. ಅವರ ಮೇಲೆ ಸಿಟ್ಟು ಮಾಡುವುದು ಹೇಗೆ, ಅವರ ಮನೆಯಲ್ಲೂ ಒಲೆ ಉರಿಯಬೇಕು. ಲಾರಿ ಹೊರಟಿತು. ಒಂದು ಎಳೆಯ ಹುಡುಗಿ ಮಾತ್ರ ಹಿಂದಿನ ಹಲಗೆ ಹಿಡಿದು ನಿಂತು ತನ್ನ ನೀಲಿ ಹೆಬ್ಬೆರಳನ್ನು ಒಮ್ಮೆ, ಗದಿಗೆಮ್ಮನನ್ನು ಒಮ್ಮೆ ನೋಡುತ್ತಿತ್ತು. ಏನೋ ಕೂಗಿ ಕೇಳಿತು. ಲಾರಿಯ ಸದ್ದಿನಲ್ಲಿ ಕೇಳಿಸಲಿಲ್ಲ.

ಗದಿಗೆಮ್ಮ ಬುತ್ತಿ ಎತ್ತಿಕೊಂಡು ಮಣ್ಣು ಜಾಡಿಸಿದಳು. ಅಡ್ಡಾದಲ್ಲಿ ಮೂವರು ಮುದುಕರು ಉಳಿದಿದ್ದರು, ಅವರ ಪಕ್ಕ ಹೋಗಿ ನಿಂತಳು. ಎಡಗೈ ಮತ್ತೆ ಜೋಮು ಹಿಡಿದಿತ್ತು. ಹಣೆ, ಹುಬ್ಬು, ಮೂಗಿನ ಮೇಲಿನ ಗೆರೆ ಅಂತ ನೆನಪು ಮಾಡಿಕೊಂಡಳು. ಬಲಗಿವಿಯವರೆಗೂ ಬಂತು. ತನ್ನ ಹೆಬ್ಬೆರಳನ್ನು ಬಲಗೈಯ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಹನ್ನೊಂದು ಗಂಟೆಯವರೆಗೂ ನಿಂತಿದ್ದಳು. ಬೇರೆ ಲಾರಿ ಬರಲಿಲ್ಲ.